ಬದು ಇಲ್ಲದ ಹೊಲಕ್ಕೆ ಕಳ್ಳ ಬರಲ್ವಂತೆ

ಹೋದ ತಿಂಗಳು ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಜಗಳ ಆಯ್ತು. ಜಗಳ ಅನ್ನೋದಕ್ಕಿಂತ, ಹತ್ತು ಜನ ಸೇರಿ ನನ್ನನ್ನ ಉಗಿದರು ಅನ್ನೋದೇ ಸರಿ. ವಿಷಯ ಇಷ್ಟು. ಕಂಪನಿಯಲ್ಲಿ ಹಳೇ ಲ್ಯಾಪ್‌ಟಾಪುಗಳು ಗುಡ್ಡೆ ಬಿದ್ದಿದ್ದವು. ಅವನ್ನ ಹಳ್ಳಿ ಶಾಲೆಗಳಿಗೆ ಕೊಡೋಣ ಅಂತ ತೀರ್ಮಾನವಾಯ್ತು. ಬಹಳ ಒಳ್ಳೇದು. ನಾನು ಓದಿದ ಶಾಲೆಯಲ್ಲಿ ಇದ್ದ ಒಂದೇ ಒಂದು ಕಂಪ್ಯೂಟರ್ ಹೆಡ್‌ಮಾಸ್ಟರ ಕೋಣೆಯಲ್ಲಿ ಪ್ಲಾಸ್ಟಿಕ್ ಕವರ್ ಹೊದ್ದುಕೊಂಡು ಕೂತಿತ್ತು. ಅದು ಆನ್ ಆಗಿದ್ದನ್ನ ನಾನು ಕಂಡಿದ್ದು ಆಯುಧಪೂಜೆ ದಿನ ಮಾತ್ರ, ಅದೂ ಕುಂಕುಮ ಹಚ್ಚಿಸಿಕೊಳ್ಳೋಕೆ. ಹಾಗಾಗಿ ನನಗೆ ಖುಷಿಯೇ ಆಯ್ತು.

ಆಗ ಒಬ್ಬ ಹುಡುಗ, ಜಾಣ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಬೇಕು, ಒಂದು ಮೆಸೇಜ್ ಹಾಕಿದ. ವಿಂಡೋಸ್ ಯಾಕೆ, ಲಿನಕ್ಸ್ ಯಾಕೆ, ಇದನ್ನ ಹಾಕೋಣ ಅಂತ ಒಂದು ಹವ್ಯಾಸಿ ಆಪರೇಟಿಂಗ್ ಸಿಸ್ಟಮಿನ ಹೆಸರು ಹೇಳಿದ. ಮೂರು ಸೆಕೆಂಡಿಗೆ ಬೂಟ್ ಆಗುತ್ತೆ, ಒಂದು ಸಿ.ಡಿ.ಯ ಕಾಲುಭಾಗ ಜಾಗ ಸಾಕು, ವೈರಸ್ ಬರೋದೇ ಇಲ್ಲ. ಕೆಳಗೆ ಇಪ್ಪತ್ತು ಹೃದಯ, ಹತ್ತು ಬೆಂಕಿ. ನಾನು ಒಂದೇ ಸಾಲು ಬರೆದೆ: ಅದರಲ್ಲಿ ಮೆಮೊರಿ ಪ್ರೊಟೆಕ್ಷನ್ ಇಲ್ಲ, ಆದರೆ ಬ್ರೌಸರ್ ಇದೆ, ಮಕ್ಕಳ ಕೈಗೆ ಕೊಡಬೇಡಿ. ಆಮೇಲೆ ಶುರುವಾಯ್ತು ನೋಡಿ. ನಿಮಗೆ ಓಪನ್ ಸೋರ್ಸ್ ಕಂಡರೆ ಆಗಲ್ಲ, ನೀವು ದೊಡ್ಡ ಕಂಪನಿಗಳ ಭಕ್ತರು, ಹಳ್ಳಿ ಶಾಲೆಯಲ್ಲಿ ಕದಿಯೋಕೆ ಏನಿದೆ ಸಾರ್?

ಕೊನೇ ಪ್ರಶ್ನೆ ನನಗೆ ಸರಿಯಾಗಿ ಚುಚ್ಚಿತು. ಅದಕ್ಕೇ ಈ ಬರಹ.

ಆ ಸಿಸ್ಟಮಿನ ಹೆಸರು ಇಲ್ಲಿ ಬೇಡ. ಬರೆದವರದ್ದು ಏನೂ ತಪ್ಪಿಲ್ಲ, ಇದು ಪ್ರಯೋಗ ಅಂತ ಅವರೇ ಮೊದಲ ಪುಟದಲ್ಲಿ ಹೇಳಿದ್ದಾರೆ. ನನ್ನ ತಕರಾರು ಅದನ್ನ ಪ್ರಯೋಗಶಾಲೆಯಿಂದ ಎತ್ತಿ ಶಾಲೆಗೆ ಸಾಗಿಸೋರ ಮೇಲೆ.

ಮೊದಲು ಮೆಮೊರಿ ಪ್ರೊಟೆಕ್ಷನ್ ಅಂದರೆ ಏನು ಅಂತ ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ. ಹೊಲ ಗೊತ್ತಲ್ಲ, ಹೊಲದ ಸುತ್ತ ಬದು ಇರುತ್ತೆ. ಯಾರ ಹೊಲ ಎಲ್ಲಿಂದ ಎಲ್ಲಿವರೆಗೆ ಅನ್ನೋದು ಪಹಣಿಯಲ್ಲಿರುತ್ತೆ. ಪ್ರೊಸೆಸರ್ ಒಳಗಿನ ಎಂಎಂಯು ಅನ್ನೋ ಭಾಗ ಮಾಡೋದು ಪಹಣಿ ನೋಡೋ ಕೆಲಸವನ್ನೇ. ಮೆಮೊರಿಯನ್ನ 4 ಕೆಬಿ ತುಂಡುಗಳಾಗಿ, ಅಂದರೆ 4096 ಬೈಟಿನ ಪೇಜುಗಳಾಗಿ ಸರ್ವೆ ಮಾಡಿಟ್ಟಿರುತ್ತಾರೆ. ಒಂದೊಂದು ಪ್ರೋಗ್ರಾಮಿಗೂ ತನ್ನದೇ ಪೇಜ್ ಟೇಬಲ್, ತನ್ನದೇ ಪಹಣಿ. ಪ್ರೋಗ್ರಾಂ ಯಾವ ವಿಳಾಸ ಮುಟ್ಟಿದರೂ ಪ್ರೊಸೆಸರ್ ಪಹಣಿ ತೆಗೆದು ನೋಡುತ್ತೆ: ಈ ಪೇಜ್ ಇವನದ್ದಾ? ಓದಬಹುದಾ, ಬರೀಬಹುದಾ? ಅಲ್ಲ ಅಂದರೆ ಪೇಜ್ ಫಾಲ್ಟ್, ಪ್ರೋಗ್ರಾಮಿನ ಕುತ್ತಿಗೆಗೆ ಕೈ. ಇಂಟೆಲ್ 386ರಲ್ಲಿ ಇದು ಬಂದಿದ್ದು 1985ರಲ್ಲಿ. ನನಗಿಂತ ಹಿರಿಯದು.

ಪಹಣಿಯನ್ನ ತಿದ್ದೋ ಅಧಿಕಾರ ಇರೋದು ರಿಂಗ್ ಸೊನ್ನೆಯಲ್ಲಿ ಓಡೋ ಕರ್ನಲ್‌ಗೆ ಮಾತ್ರ. ಉಳಿದವರೆಲ್ಲ ರಿಂಗ್ ಮೂರು, ರೈತಾಪಿ ಜನ. ಬದುವೇ ಇಲ್ಲದ ಓಎಸ್ ಅಂದರೆ ಎಲ್ಲರೂ ರಿಂಗ್ ಸೊನ್ನೆಯಲ್ಲೇ ಓಡೋ ವ್ಯವಸ್ಥೆ. ಊರಿನ ಪ್ರತಿಯೊಬ್ಬನೂ ತಹಸೀಲ್ದಾರ. ಕ್ಯಾಲ್ಕುಲೇಟರೂ ತಹಸೀಲ್ದಾರ, ಬ್ರೌಸರೂ ತಹಸೀಲ್ದಾರ, ಬ್ರೌಸರಿನಲ್ಲಿ ತೆರೆದ ಚಿತ್ರವನ್ನ ಬಿಚ್ಚೋ ಆ ದರಿದ್ರ ಲೈಬ್ರರಿಯೂ ತಹಸೀಲ್ದಾರ.

ಇಷ್ಟಕ್ಕೇ ನಾನು ರಿಂಗ್ ಸೊನ್ನೆಯ ವೈರಿ ಅಂದ್ಕೋಬೇಡಿ. ಬದು ಇಲ್ಲದಿದ್ದರೂ ನಾನು ಮರ್ಯಾದೆ ಕೊಡೋ ಓಎಸ್ ಒಂದಿದೆ, ಟೆಂಪಲ್‌ಓಎಸ್. ಟೆರ್ರಿ ಡೇವಿಸ್ ಅನ್ನೋ ಅಮೆರಿಕನ್ ಒಬ್ಬನೇ ಕೂತು ವರ್ಷಗಟ್ಟಲೆ ಬರೆದಿದ್ದು. ಕಂಪೈಲರ್ ಕೂಡ ಅವನದ್ದೇ. ಅವನ ಕಾಯಿಲೆಯ ಬಗ್ಗೆ, 2018ರ ಅವನ ಸಾವಿನ ಬಗ್ಗೆ ಇಂಟರ್ನೆಟ್ಟಲ್ಲಿ ನಗೋರೂ ಇದ್ದಾರೆ, ಅವರ ಬಗ್ಗೆ ನನಗೆ ಹೇಳೋಕೆ ಏನಿಲ್ಲ. ನಾನು ಹೇಳೋದು ಅವನ ವಿನ್ಯಾಸದ ಬಗ್ಗೆ. 640x480 ಪರದೆ, 16 ಬಣ್ಣ, ಎಲ್ಲ ರಿಂಗ್ ಸೊನ್ನೆ, ಒಂದೇ ವಿಳಾಸ ಪ್ರದೇಶ. ಮತ್ತೆ, ಇದನ್ನ ಗಮನಿಸಿ, ನೆಟ್‌ವರ್ಕ್ ಇಲ್ಲ. ಬೇಕಂತಲೇ ಇಲ್ಲ. ಹಳೇ ಕಮೊಡೋರ್ 64ರ ಹಾಗೆ, ಕೂತವನಿಗೂ ಯಂತ್ರಕ್ಕೂ ನಡುವೆ ಯಾರೂ ಇರಬಾರದು ಅನ್ನೋದು ಅವನ ಆಸೆ. ಬದು ತೆಗೆದ, ಆದರೆ ಊರಿಗೆ ರಸ್ತೆಯನ್ನೂ ತೆಗೆದ. ಅವನ ಲೆಕ್ಕ ಸರಿಯಾಗಿ ಕೂಡುತ್ತೆ. ನಮ್ಮ ಗ್ರೂಪಿನ ಹುಡುಗರದ್ದು ಬದು ಬೇಡ, ಟೋಲ್ ರಸ್ತೆ ಬೇಕು ಅನ್ನೋ ಲೆಕ್ಕ.

ವೈರಸ್ ಬರಲ್ಲ ಅನ್ನೋ ಮಾತಿಗೆ ಬರೋಣ. ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗ ಯಾರೂ ಮನೆಗೆ ಬೀಗ ಹಾಕ್ತಿರಲಿಲ್ಲ. ಬಾಗಿಲು ಗಟ್ಟಿಯಿತ್ತು ಅಂತಲ್ಲ. ಹೊಸಬ ಒಬ್ಬ ಬಂದರೆ ಮೂರು ಬೀದಿಗೂ ಗೊತ್ತಾಗ್ತಿತ್ತು, ಮತ್ತೆ ಕದಿಯೋಕೆ ಬರೋನಿಗೆ ಬಸ್ಸೇ ಇರಲಿಲ್ಲ. ಡಾಂಬರು ಬಿತ್ತು, ಬೆಳಗ್ಗೆ ಸಂಜೆ ಬಸ್ ಬಂತು, ಅಜ್ಜಿ ಬೀಗ ತರಿಸಿದರು. ಹವ್ಯಾಸಿ ಓಎಸ್‌ಗೆ ವೈರಸ್ ಬರಲ್ಲ ಅಂದರೆ ಇದೇ ಕಥೆ: ಅಲ್ಲಿಗೆ ಬಸ್ ಹೊರಟಿಲ್ಲ ಅಷ್ಟೇ. ನೂರು ಜನ ಬಳಸೋ ಸಿಸ್ಟಮಿಗೆ ದಾಳಿ ಬರೆಯೋನಿಗೆ ಕೂಲಿ ಹುಟ್ಟಲ್ಲ. ಹುಟ್ಟದಿರೋತನಕ ನೀವು ಕ್ಷೇಮ. ಆದರೆ ಅದನ್ನ ಬಾಗಿಲಿನ ಗುಣ ಅಂತ ಮಾರಬೇಡಿ.

ನೆಟ್ ಕೊಡಲ್ಲ ಬಿಡಿ ಸಾರ್, ಪೆನ್‌ಡ್ರೈವ್ ಮಾತ್ರ ಅಂದ ಇನ್ನೊಬ್ಬ. ಪಾಪ, ಇವನು ಹುಟ್ಟೋ ಮೊದಲಿನ ಕಥೆ ಇದು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ಬ್ರೈನ್ ಅನ್ನೋ ವೈರಸ್ ದೇಶದೇಶ ಸುತ್ತಿತು. ಇಂಟರ್ನೆಟ್ಟಲ್ಲಿ ಅಲ್ಲ, ಫ್ಲಾಪಿಯಲ್ಲಿ. ಅದು ಓಡಿದ್ದು ಡಾಸ್ ಮೇಲೆ, ಡಾಸ್‌ಗೆ ಬದು ಇರಲಿಲ್ಲ. ಪಿಸಿಯ ಮೆಮೊರಿಯ ಮೊಟ್ಟಮೊದಲ 1024 ಬೈಟುಗಳಲ್ಲಿ 256 ವಿಳಾಸಗಳ ಪಟ್ಟಿ ಇರ್ತಿತ್ತು: ಕೀಬೋರ್ಡ್ ಒತ್ತಿದರೆ ಯಾರನ್ನ ಕರೀಬೇಕು, ಡಿಸ್ಕ್ ಓದಬೇಕಾದರೆ ಯಾರನ್ನ ಕರೀಬೇಕು. ಆ ಪಟ್ಟಿಯನ್ನ ಯಾರು ಬೇಕಾದರೂ ತಿದ್ದಬಹುದಿತ್ತು. ಬ್ರೈನ್ ಮಾಡಿದ್ದೂ ಅದೇ. ಡಿಸ್ಕ್ ಓದೋ ಸಾಲಿನಲ್ಲಿ ತನ್ನ ಹೆಸರು ಬರೆದುಕೊಂಡಿತು. ಬೂಟ್ ಸೆಕ್ಟರ್ ನೋಡೋಣ ಅಂತ ಯಾರಾದರೂ ಕೇಳಿದರೆ, ತಾನು ಎತ್ತಿಟ್ಟಿದ್ದ ಹಳೇ ಒಳ್ಳೇ ಸೆಕ್ಟರನ್ನ ತೋರಿಸ್ತಿತ್ತು. ಕಳ್ಳನೇ ಬಾಗಿಲಲ್ಲಿ ನಿಂತು ಒಳಗೆ ಯಾರೂ ಇಲ್ಲ ಹೋಗಿ ಅಂದ ಹಾಗೆ. ಬೂಟ್ ಸೆಕ್ಟರಿನಿಂದ ಬರೋದನ್ನ ಪೇಜ್ ಟೇಬಲ್ ತಡೆಯಲ್ಲ, ಒಪ್ಪಿದೆ. ಆದರೆ ಬದು ಇಲ್ಲದ ಊರಲ್ಲಿ, ಒಳಗೆ ಬಂದ ಯಾವ ಸಾಮಾನ್ಯ ಪ್ರೋಗ್ರಾಮಾದರೂ ಇದೇ ಆಟ ಆಡಬಹುದಿತ್ತು. ಕಳ್ಳತನವೇ ಆಗಬೇಕಿಲ್ಲ, ಶುದ್ಧ ದಡ್ಡತನವೂ ಸಾಕು. ಸೊನ್ನೆ ವಿಳಾಸದ ಪಾಯಿಂಟರಿಗೆ ಏನೋ ಬರೆದುಬಿಟ್ಟರೆ ನೀವು ಬರೀತಿದ್ದದ್ದು ಅದೇ ಪಟ್ಟಿಯ ಮೇಲೆ.

ಶಾಲೆಯಲ್ಲಿ ಕದಿಯೋಕೆ ಏನಿದೆ? ಸ್ವಾಮಿ, ಆ ಲ್ಯಾಪ್‌ಟಾಪಲ್ಲೇ ಮೇಷ್ಟ್ರು ಸ್ಕಾಲರ್‌ಶಿಪ್ ಅರ್ಜಿ ತುಂಬ್ತಾರೆ. ಮಕ್ಕಳ ಆಧಾರ್ ನಂಬರು, ಅಪ್ಪಂದಿರ ಬ್ಯಾಂಕ್ ಖಾತೆ, ಜಾತಿ ಆದಾಯ ಪ್ರಮಾಣಪತ್ರ. ನಾವು ಬೆಂಗಳೂರಲ್ಲಿ ಎರಡು ಫ್ಯಾಕ್ಟರ್ ಲಾಗಿನ್ ಇಟ್ಟುಕೊಂಡು ಕೂತಿರೋದು ಇದಕ್ಕಿಂತ ಅಗ್ಗದ ಮಾಹಿತಿಗೆ.

ಸರಿ, ಈಗ ಎದುರು ಪಾಳೆಯದ ಗಟ್ಟಿ ವಾದ. ಹವ್ಯಾಸಕ್ಕೆ ಬರೀತಿದ್ದೀವಿ, ಮೊದಲು ಕೆಲಸ ಮಾಡಲಿ, ಬದು ಆಮೇಲೆ ಹಾಕ್ತೀವಿ. ಇದನ್ನ ನಂಬೋರಿಗೆ ಅಮಿಗಾ ಕಥೆ ಗೊತ್ತಿಲ್ಲ. 1985ರಲ್ಲಿ ಬಂದ ಅಮಿಗಾ ಅದ್ಭುತ ಯಂತ್ರ. ಬೇರೆಯವರು ಒಂದು ಕೆಲಸ ಮಾಡೋಕೆ ಏದುಸಿರು ಬಿಡ್ತಿದ್ದಾಗ ಇದು ನಾಲ್ಕು ಕೆಲಸ ಒಟ್ಟಿಗೆ ಮಾಡ್ತಿತ್ತು. ಅದರ 68000 ಚಿಪ್‌ಗೆ ಎಂಎಂಯು ಇರಲಿಲ್ಲ. ಹಾಗಾಗಿ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸಂದೇಶ ಕಳಿಸೋದು ಅಂದರೆ ಪಾಯಿಂಟರ್ ಕೊಡೋದು: ನನ್ನ ಹೊಲದಲ್ಲಿ ಇಟ್ಟಿದ್ದೀನಿ, ನೀನೇ ಬಂದು ನೋಡ್ಕೋ. ನಕಲು ಮಾಡೋ ಖರ್ಚಿಲ್ಲ, ಬಹಳ ವೇಗ. ಮುಂದೊಂದು ದಿನ ಬದು ಬರಬಹುದು ಅಂತ ವಿನ್ಯಾಸಕಾರರಿಗೂ ಗೊತ್ತಿತ್ತು. ಅದಕ್ಕೆ ಹಂಚಿಕೊಳ್ಳೋ ಮೆಮೊರಿಯನ್ನ ಕೇಳುವಾಗ ಮೆಮ್ಎಫ್ ಪಬ್ಲಿಕ್ ಅನ್ನೋ ಗುರುತು ಹಾಕಿ ಅಂತ ನಿಯಮ ಇಟ್ಟಿದ್ದರು. ಹಾಕದಿದ್ದರೂ ಏನೂ ಆಗ್ತಿರಲಿಲ್ಲವಲ್ಲ, ಬಹಳ ಜನ ಹಾಕಲಿಲ್ಲ. ಎಂಎಂಯು ಇರೋ ಚಿಪ್ಪುಗಳು ಬಂದಾಗ ನೋಡಿದರೆ, ಬದು ಎಳೆದ ಕ್ಷಣ ಊರಿನ ಅರ್ಧ ಪ್ರೋಗ್ರಾಮುಗಳು ಸಾಯ್ತವೆ. ಅಮಿಗಾದ ಪ್ರೇಮಿಗಳು ಇವತ್ತಿಗೂ ಅದನ್ನ ಪೂರ್ತಿ ತರೋಕೆ ಆಗದೆ ಒದ್ದಾಡ್ತಾ ಇದ್ದಾರೆ. ದುಡ್ಡಿದ್ದ ಆ್ಯಪಲ್‌ಗೂ ಆಗಲಿಲ್ಲ. ಕೋಪ್ಲ್ಯಾಂಡ್ ಅಂತ ಯೋಜನೆ ಮಾಡಿ, 1996ರಲ್ಲಿ ಕೈಬಿಟ್ಟು, ಕೊನೆಗೆ ನೆಕ್ಸ್ಟ್ ಕಂಪನಿಯನ್ನೇ ಕೊಂಡು, 2001ರಲ್ಲಿ ಬೇರೆ ಬುನಾದಿಯ ಮೇಲೆ ಮ್ಯಾಕ್ ಓಎಸ್ ಟೆನ್ ಕಟ್ಟಬೇಕಾಯ್ತು. ಬದು ಅನ್ನೋದು ಬಿತ್ತೋ ಮೊದಲು ಹಾಕೋದು. ಪೈರು ನಿಂತಮೇಲೆ ಹಾಕ್ತೀನಿ ಅನ್ನೋನು ಹಾಕಲ್ಲ.

ಖರ್ಚು ಇಲ್ಲ ಅಂತ ನಾನು ಹೇಳ್ತಿಲ್ಲ. ಪ್ರತಿ ಸಿಸ್ಟಮ್ ಕಾಲ್‌ಗೂ ರಿಂಗ್ ದಾಟಬೇಕು, ಪ್ರೋಗ್ರಾಂ ಬದಲಾದಾಗ ಪಹಣಿ ಬದಲಾಗಬೇಕು, ಪ್ರೊಸೆಸರ್ ಬಾಯಿಪಾಠ ಮಾಡಿಕೊಂಡಿದ್ದ ವಿಳಾಸಗಳನ್ನ ಮರೀಬೇಕು. ಮೈಕ್ರೋಸಾಫ್ಟಿನ ಸಂಶೋಧಕರು 2003ರಲ್ಲಿ ಶುರುಮಾಡಿದ ಸಿಂಗುಲಾರಿಟಿಯಲ್ಲಿ ಈ ಖರ್ಚನ್ನೇ ಉಳಿಸೋಕೆ ಹೊರಟರು: ಹಾರ್ಡ್‌ವೇರ್ ಬದು ಬೇಡ, ಭಾಷೆಯೇ ಬದು. ಪ್ರತಿ ಪ್ರೋಗ್ರಾಮೂ ಸುರಕ್ಷಿತ ಭಾಷೆಯಲ್ಲೇ ಇರಬೇಕು, ಪರೀಕ್ಷೆ ಪಾಸಾಗದೆ ಒಂದೂ ಓಡಕೂಡದು. ಈಗ ರಸ್ಟ್‌ನಲ್ಲಿ ಬರೀತೀನಿ, ನನಗ್ಯಾಕೆ ಪೇಜ್ ಟೇಬಲ್ ಅನ್ನೋ ಹುಡುಗರ ವಾದದ ಗಂಭೀರ ರೂಪ ಅದು. ಆದರೆ ಅವರು ಕಟ್ಟುನಿಟ್ಟು ಪಾಲಿಸಿದರು. ನೀವು? ಹವ್ಯಾಸಿ ಓಎಸ್ ಬರೆಯೋ ಪ್ರತಿಯೊಬ್ಬನೂ ಮೊದಲು ತರೋ ಆಟ ಡೂಮ್. ಶುದ್ಧ ಸಿ. ಡೂಮ್ ಓಡಿದ ಕ್ಷಣ ನಿಮ್ಮ ರಸ್ಟ್ ಬದು ಮುಗೀತು.

ಇನ್ನು ನನ್ನ ಪಾಳೆಯದವರಿಗೂ ಎರಡು ಏಟು ಹಾಕದಿದ್ದರೆ ಅನ್ಯಾಯ. ನಮ್ಮ ಓಎಸ್‌ನಲ್ಲಿ ರಿಂಗ್ ಮೂರು ಇದೆ, ಪೇಜಿಂಗ್ ಇದೆ, ಅಂದಮೇಲೆ ಸೆಕ್ಯೂರ್ ಅಂತ ಟಿಕ್ ಹಾಕೋರು. ಈ ರೋಗ ನನಗೂ ಇತ್ತು. ಲಾಕ್‌ಡೌನಲ್ಲಿ ಊರಿಗೆ ಹೋಗಿದ್ದಾಗ ಅಟ್ಟದ ಮೇಲೆ ಕೂತು ನಾನೂ ಒಂದು ಪುಟ್ಟ ಓಎಸ್ ಬರೆದೆ. ಕರೆಂಟ್ ಹೋದಾಗಲೆಲ್ಲ ಕೋಡ್ ಕಾಗದದ ಮೇಲೆ. ಐದಾರು ತಿಂಗಳಲ್ಲಿ ಶೆಲ್ ಬಂತು, ಫೈಲ್ ಬಂತು, ಪ್ರತಿ ಪ್ರೊಸೆಸ್‌ಗೂ ಬೇರೆ ಪೇಜ್ ಟೇಬಲ್. ಹುಬ್ಬು ಹಾರಿಸಿಕೊಂಡು ಕಾಲೇಜಿನ ಗೆಳೆಯನಿಗೆ ಕಳಿಸಿದೆ, ಒಡಿ ನೋಡೋಣ ಅಂತ. ಮಾರನೇ ದಿನ ಮಧ್ಯಾಹ್ನ ಅವನು ಸೂಪರ್‌ಯೂಸರ್ ಆಗಿ ಕೂತಿದ್ದ.

ಏನು ಮಾಡಿದ್ದ? ಬದು ಹಾರಲೇ ಇಲ್ಲ. ಫೈಲ್ ಓದೋ ಸಿಸ್ಟಮ್ ಕಾಲ್‌ಗೆ ಮೂರು ಮಾತು ಹೇಳಬೇಕು: ಯಾವ ಫೈಲು, ಓದಿದ್ದನ್ನ ಎಲ್ಲಿ ಇಡಬೇಕು, ಎಷ್ಟು ಬೈಟು. ಎಲ್ಲಿ ಇಡಬೇಕು ಅನ್ನೋ ಜಾಗದಲ್ಲಿ ಅವನು ತನ್ನ ಹೊಲದ ವಿಳಾಸ ಕೊಡಲಿಲ್ಲ, ನನ್ನ ಕರ್ನಲ್ ಒಳಗಿನ ಪ್ರೊಸೆಸ್ ಪಟ್ಟಿಯ ವಿಳಾಸ ಕೊಟ್ಟ. ಯಾರು ಯಾವ ಯೂಸರ್ ಅಂತ ಬರೆದಿರೋ ಜಾಗವನ್ನೇ. ನನ್ನ ಕರ್ನಲ್ ಮಹಾಪ್ರಾಮಾಣಿಕ, ಹೋಗಿ ಅಲ್ಲೇ ಬರೀತು. ಅದು ರಿಂಗ್ ಸೊನ್ನೆಯಲ್ಲಿ ಇರೋದರಿಂದ ಪ್ರೊಸೆಸರ್ ಯಾಕೆ ಅಂತ ಕೇಳಲಿಲ್ಲ. ಕರ್ನಲ್ ಪಾಯಿಂಟರನ್ನ ಪರೀಕ್ಷಿಸಬೇಕಿತ್ತು, ಎರಡು ಸಾಲು ಕೋಡು. ಎಂಐಟಿಯವರು ಪಾಠಕ್ಕೆ ಬಳಸೋ ಪುಟಾಣಿ ಎಕ್ಸ್‌ವಿ6ನಲ್ಲೂ ಆ ಪರೀಕ್ಷೆ ಇದೆ. ಅದನ್ನ ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ. ಬಿಇ ಫಸ್ಟ್ ಕ್ಲಾಸ್ ಬೇರೆ.

ನಮ್ಮ ಕಡೆ ಜಮೀನು ಕಳಕೊಂಡವರನ್ನ ಕೇಳಿ ನೋಡಿ. ಬದು ಒತ್ತಿ ಹೋಗಿದ್ದು ಗೇಣು, ಮೊಳ. ಎಕರೆಗಟ್ಟಲೆ ಹೋಗಿದ್ದು ಪಹಣಿಯಲ್ಲಿ ಹೆಸರು ತಿದ್ದಿಸಿಕೊಂಡವರಿಗೆ, ಅದೂ ಸರ್ಕಾರಿ ಕೈಯಿಂದಲೇ ತಿದ್ದಿಸಿಕೊಂಡವರಿಗೆ.

ಹಾಗಂತ ಹವ್ಯಾಸಿಗಳಿಂದ ಆಗಲ್ಲ ಅನ್ನೋದು ಸುಳ್ಳು. ಸೆರೆನಿಟಿಓಎಸ್ ನೋಡಿ. ಆಂದ್ರಿಯಾಸ್ ಕ್ಲಿಂಗ್ 2018ರಲ್ಲಿ ಶುರುಮಾಡಿದ್ದು, ತೊಂಬತ್ತರ ದಶಕದ ಕಿಟಕಿಗಳ ಚಂದ. 2019ರ ಡಿಸೆಂಬರಲ್ಲಿ ಜರ್ಮನಿಯ ಹ್ಯಾಕರ್ ಸಮ್ಮೇಳನದ ಸ್ಪರ್ಧೆಯೊಂದರಲ್ಲಿ ಅದನ್ನೇ ಗುರಿಯಾಗಿಟ್ಟರು, ಕರ್ನಲ್ ಒಡೆದರು. ಅವನು ಇದು ಆಟದ ಸಾಮಾನು ಬಿಡಿ ಅನ್ನಲಿಲ್ಲ. ದಾಳಿಯನ್ನ ಬಿಚ್ಚಿ ವಿಡಿಯೋ ಮಾಡಿದ, ತೂತು ಮುಚ್ಚಿದ. ಅದೇ ಚಳಿಗಾಲದಲ್ಲಿ ಸ್ಮ್ಯಾಪ್, ಸ್ಮೆಪ್ ಅನ್ನೋ ಪ್ರೊಸೆಸರ್ ಬೀಗಗಳನ್ನ ಹಾಕಿದ. ಓಪನ್‌ಬಿಎಸ್‌ಡಿಯಿಂದ ಪ್ಲೆಡ್ಜ್, ಅನ್‌ವೇಲ್ ತಂದ. ಪ್ಲೆಡ್ಜ್ ಅಂದರೆ ಪ್ರೋಗ್ರಾಂ ಮೊದಲೇ ಆಣೆ ಮಾಡೋದು: ನಾನು ಇಷ್ಟೇ ಮಾಡ್ತೀನಿ. ಆಣೆ ತಪ್ಪಿದರೆ ಕರ್ನಲ್ ಕೊಲ್ಲುತ್ತೆ. ಇದು ಯಾಕೆ ಮುಖ್ಯ ಅಂದರೆ ಮೆಮೊರಿ ಪ್ರೊಟೆಕ್ಷನ್ ಕಾಯೋದು ಮೆಮೊರಿಯನ್ನ ಮಾತ್ರ. ನಿಮ್ಮ ಫೈಲು ಮೆಮೊರಿ ಅಲ್ಲ. ಹೈಕು ಎಷ್ಟು ಸೊಗಸಾದ ಓಎಸ್, ಅದರ ಪೇಜ್ ಟೇಬಲ್‌ಗಳು ನೆಟ್ಟಗಿವೆ. ಆದರೆ ಅಲ್ಲಿ ಕೂತವನೇ ರೂಟ್, ಓಡಿಸಿದ ಪ್ರೋಗ್ರಾಮೂ ರೂಟ್. ಒಂದು ಕೆಟ್ಟ ಪ್ರೋಗ್ರಾಂ ಪಕ್ಕದ ಪ್ರೋಗ್ರಾಮಿನ ಮೆಮೊರಿ ಒತ್ತಬೇಕಿಲ್ಲ, ನೇರ ಕೇಳಿ ಎಲ್ಲ ಫೈಲು ಅಳಿಸಬಹುದು. ಡ್ರೈವರ್‌ಗಳದ್ದು ಇನ್ನೊಂದು ಗೋಳು. ನೆಟ್‌ವರ್ಕ್ ಕಾರ್ಡು ಡಿಎಂಎ ಮೂಲಕ ನೇರ ಭೌತಿಕ ಮೆಮೊರಿಗೆ ಬರೆಯುತ್ತೆ, ಅದು ಪಹಣಿ ಕಚೇರಿಯ ಕಡೆ ತಲೆಯನ್ನೂ ಹಾಕಲ್ಲ. ಅದಕ್ಕೆ ಐಒಎಂಎಂಯು ಅಂತ ಬೇರೆ ಕಾವಲು ಬೇಕು. ನಾನು ಕಂಡ ಹವ್ಯಾಸಿ ಓಎಸ್‌ಗಳಲ್ಲಿ ಅದನ್ನ ಮುಟ್ಟಿರೋದು ಬಹಳ ಕಮ್ಮಿ.

ಗ್ರೂಪಲ್ಲಿ ಕೊನೆಗೆ ಬಂದ ಬಾಣ ಎರಡು. ಮೊದಲನೇದು ಮೆಲ್ಟ್‌ಡೌನ್. 2018ರ ಜನವರಿಯಲ್ಲಿ ಇಂಟೆಲ್ ಪ್ರೊಸೆಸರಿನ ಬದುವೇ ಸೋರುತ್ತೆ, ಸಾಮಾನ್ಯ ಪ್ರೋಗ್ರಾಂ ಕರ್ನಲ್ ಮೆಮೊರಿ ಓದಬಹುದು ಅಂತ ಬಯಲಾಯ್ತಲ್ಲ ಸಾರ್, ಆಮೇಲೂ ಬದು ಬದು ಅಂತೀರಲ್ಲ? ಹೌದು, ಸೋರಿತು. ಅದನ್ನ ಮುಚ್ಚಿದ್ದು ಹೇಗೆ ಗೊತ್ತಾ? ಪ್ರೋಗ್ರಾಂ ಓಡುವಾಗ ಅದರ ಪಹಣಿಯಿಂದ ಕರ್ನಲಿನ ಸರ್ವೆ ನಂಬರುಗಳನ್ನೇ ತೆಗೆದುಹಾಕಿ. ಅಂದರೆ ಇನ್ನೊಂದು ಪೇಜ್ ಟೇಬಲ್‌ನಿಂದ. ವೇಗ ಸ್ವಲ್ಪ ಬಿತ್ತು, ಎಲ್ಲರೂ ಗೊಣಗಿ ಒಪ್ಪಿಕೊಂಡರು. ಪೇಜ್ ಟೇಬಲ್ಲೇ ಇಲ್ಲದವನ ಹತ್ತಿರ ಮುಚ್ಚೋಕೆ ಮಣ್ಣೂ ಇರಲಿಲ್ಲ.

ಎರಡನೇದು ಕ್ರೌಡ್‌ಸ್ಟ್ರೈಕ್. 2024ರ ಜುಲೈ 19. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಪೆನ್ನಲ್ಲಿ ಬರೆದುಕೊಟ್ಟ ದಿನ. ಅಷ್ಟು ದೊಡ್ಡ ವಿಂಡೋಸೇ ಮಲಗಿತು ಅಂತ ಹುಡುಗರು ನಕ್ಕರು. ನಕ್ಕಿದ್ದು ಯಾವುದಕ್ಕೆ ಅಂತ ಯೋಚಿಸಿ. ಮಲಗಿದ್ದು ಸುಮಾರು 85 ಲಕ್ಷ ಯಂತ್ರಗಳು, ಕಾರಣ ರಿಂಗ್ ಸೊನ್ನೆಯಲ್ಲಿ ಓಡ್ತಿದ್ದ ಒಂದು ಡ್ರೈವರ್. ಅದು 21 ಮೌಲ್ಯಗಳನ್ನ ನಿರೀಕ್ಷಿಸ್ತಿತ್ತು, ಕೊಟ್ಟಿದ್ದು 20. ಇಪ್ಪತ್ತೊಂದನೇದನ್ನ ಹುಡುಕಿಕೊಂಡು ಬದು ದಾಟಿ ಹೋಯ್ತು. ಇದೇ ತಪ್ಪು ರಿಂಗ್ ಮೂರರಲ್ಲಿ ಆಗಿದ್ದರೆ ಒಂದು ಪ್ರೋಗ್ರಾಂ ಸಾಯ್ತಿತ್ತು, ವಿಮಾನ ಹಾರ್ತಿತ್ತು. ಇದು ನನ್ನ ವಾದಕ್ಕೆ ಸಾಕ್ಷಿ ಕಣ್ರೋ, ನಿಮ್ಮದಕ್ಕಲ್ಲ.

ಇಷ್ಟೆಲ್ಲ ಗ್ರೂಪಲ್ಲಿ ಬರೀಲಿಲ್ಲ. ಎಚ್‌ಆರ್ ಮೇಡಂ ಅಷ್ಟರಲ್ಲಿ ಗುಡ್ ಡಿಸ್ಕಷನ್ ಟೀಮ್ ಅಂತ ಹಾಕಿ ಬಾಗಿಲು ಮುಚ್ಚಿದರು. ಲ್ಯಾಪ್‌ಟಾಪುಗಳಿಗೆ ಹಗುರಾದ ಲಿನಕ್ಸ್ ಒಂದನ್ನ ಹಾಕಿದೆವು, ಶನಿವಾರ ಎರಡು ಕೂತು. ಬೂಟ್ ಆಗೋಕೆ ಒಂದೂವರೆ ನಿಮಿಷ ಬೇಕು, ಕನ್ನಡ ಕೀಬೋರ್ಡ್ ಇದೆ, ಮಕ್ಕಳಿಗೆ ಬೇರೆ ಲಾಗಿನ್, ಮೇಷ್ಟ್ರಿಗೆ ಬೇರೆ.

ಆ ಹುಡುಗನೂ ಬಂದಿದ್ದ. ಮುಖ ಊದಿಸಿಕೊಂಡೇ ಕೆಲಸ ಮಾಡಿದ. ಹೊರಡುವಾಗ ಒಂದು ಕೆಟ್ಟುಹೋದ ಲ್ಯಾಪ್‌ಟಾಪ್, ಬ್ಯಾಟರಿ ಸತ್ತಿದ್ದು, ಶಾಲೆಗೆ ಕಳಿಸೋ ಹಾಗಿರದಿದ್ದು, ನನಗೆ ಕೊಡ್ತೀರಾ ಅಂತ ಕೇಳಿ ತಗೊಂಡ. ಮೊನ್ನೆ ರಾತ್ರಿ ಒಂದೂವರೆಗೆ ಅವನ ಮೆಸೇಜ್ ಬಂತು, ಪರದೆಯ ಫೋಟೋ ಸಮೇತ. ಪೇಜಿಂಗ್ ಆನ್ ಮಾಡಿದ ತಕ್ಷಣ ಯಂತ್ರ ರೀಸ್ಟಾರ್ಟ್ ಆಗ್ತಿದೆಯಂತೆ, ಮತ್ತೆ ಮತ್ತೆ. ಟ್ರಿಪಲ್ ಫಾಲ್ಟ್. ಕರ್ನಲ್ ತಾನು ನಿಂತಿರೋ ಪೇಜನ್ನೇ ಪಹಣಿಗೆ ಸೇರಿಸೋದು ಮರೆತಿದ್ದ. ಮೊದಲ ಸಲ ನಾನೂ ಅಲ್ಲೇ ಬಿದ್ದಿದ್ದೆ. ಯಾವ ಸಾಲು ಅಂತ ಹೇಳಿಲ್ಲ, ಬೆಳಗ್ಗೆವರೆಗೆ ಹುಡುಕಲಿ ಅಂತ ಬಿಟ್ಟೆ. ನಾಲ್ಕು ಗಂಟೆಗೆ ಇನ್ನೊಂದು ಫೋಟೋ ಬಂದಿತ್ತು, ಕಪ್ಪು ಪರದೆ ಮೇಲೆ ಒಂದೇ ಸಾಲು: ಪೇಜ್ ಫಾಲ್ಟ್, ವಿಳಾಸ ಸೊನ್ನೆ.